ಕೊಡ ಯಾರ ತಲೆ ಮೇಲೆ, ಕೀಲಿ ಯಾರ ಕೈಯಲ್ಲಿ?

ನೀರಿನ ಚರಿತ್ರೆ ಸರಣಿ. ಒಟ್ಟು 10 ಭಾಗ. ಒಂದೊಂದು ಫೋಟೊಗೆ ಒಂದೊಂದು ಕ್ಯಾಪ್ಷನ್. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 1/10: ಒಂದು ಸಹಿ

ಫೋಟೊದಲ್ಲಿರೋದು ನಮ್ಮಜ್ಜಿಯ ತಾಮ್ರದ ಕೊಡ. ಹೊಟ್ಟೆ ಹತ್ರ ಒಂದು ಕಡೆ ನೆಗ್ಗಿದೆ ನೋಡಿ. ಸೊಂಟದ ಮೇಲೆ ಇಟ್ಟು ಇಟ್ಟು ಆಗಿರೋ ನೆಗ್ಗು ಅಂತ ಅಜ್ಜಿ ಹೇಳ್ತಿದ್ರು. ಈಗ ನಮ್ಮನೆ ಅಂಗಳದಲ್ಲಿ ನಲ್ಲಿ ಇದೆ, ಕೊಡ ಅಟ್ಟದ ಮೇಲಿದೆ. ಹಾಗಾದ್ರೆ ಕಥೆ ಮುಗೀತು ಅಲ್ವಾ?

ನಾನೂ ಹಾಗೇ ಅಂದ್ಕೊಂಡಿದ್ದೆ. ಹೋದ ವರ್ಷ ಒಂದು ಸಂಜೆ ನಮ್ಮೂರಿನ ನೀರಿನ ಸಮಿತಿಯವರು ಒಬ್ಬರು ರಿಜಿಸ್ಟರ್ ಹಿಡ್ಕೊಂಡು ಮನೆಗೆ ಬಂದ್ರು. "ಅಕ್ಕಾ, ಇಲ್ಲೊಂದು ಸಹಿ ಹಾಕ್ರಿ, ಅರ್ಜೆಂಟ್ ಐತಿ" ಅಂದ್ರು. ಆಗ್ಲೇ ನಮಗೆ ಗೊತ್ತಾಗಿದ್ದು, ಅಮ್ಮ ಆ ಸಮಿತಿಯ ಸದಸ್ಯೆ ಅಂತ! ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸ್ಕೊಂಡು ಪೆನ್ನು ತಗೊಂಡ್ರು. ಎಲ್ಲಿ ಹಾಕ್ಬೇಕು ಅಂತ ಬೆರಳಿಟ್ಟು ತೋರಿಸಿದ್ದು ನಾನೇ.

ನಾನು ಬಿ.ಕಾಂ. ಓದ್ತಿರೋಳು. ಸಭೆಯ ನಡಾವಳಿ ಪುಸ್ತಕ ಅಂದ್ರೇನು, ಓದದೆ ಸಹಿ ಹಾಕಿದ್ರೆ ಏನಾಗುತ್ತೆ ಅಂತ ಪರೀಕ್ಷೆಲಿ 5 ಮಾರ್ಕ್ಸಿಗೆ ಬರೆದಿದ್ದೀನಿ. ಆದ್ರೂ ಅವತ್ತು ನನ್ನ ಬಾಯಿಂದ ಒಂದು ಮಾತು ಬರ್ಲಿಲ್ಲ. ಅದು ಚುಚ್ತಾನೇ ಇತ್ತು. ನೀರು ಹೊತ್ತವರ ಕೈಗೆ ನೀರಿನ ತೀರ್ಮಾನ ಯಾವಾಗ ಬಂತು, ನಿಜವಾಗ್ಲೂ ಬಂತಾ ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ಭಾಗ 2/10: ಹೆಸರಿನ ಷರತ್ತು

ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಲ್ಲಿ ಒಂದು ದೊಡ್ಡ ಕೆರೆ ಇದೆ. ಬೋರ್ಡಲ್ಲಿ ಶಾಂತಿಸಾಗರ ಅಂತ ಬರೆದಿರ್ತಾರೆ. ಊರವರ ಬಾಯಲ್ಲಿ ಅದು ಸೂಳೆಕೆರೆ. ಹೆಸರು ಕೇಳಿ ನಗಬೇಡಿ. ಆ ಹೆಸರಿನ ಹಿಂದೆ ಒಂದು ಒಪ್ಪಂದ ಇದೆ.

ಸ್ಥಳೀಯರು ಹೇಳೋ ಕಥೆ ಹೀಗಿದೆ. ಶಾಂತವ್ವ ಅನ್ನೋ ರಾಜಕುಮಾರಿ ಕೆರೆ ಕಟ್ಟಿಸೋಕೆ ಹೊರಟಳು. ಕೆರೆಗೆ ಬೇಕಾಗಿದ್ದ ಜಾಗ ಅಲ್ಲಿದ್ದ ವೇಶ್ಯೆಯರದ್ದು. ಅವರು ಜಾಗ ಬಿಟ್ಟುಕೊಡೋಕೆ ಒಪ್ಪಿದ್ರು, ಆದ್ರೆ ಒಂದು ಷರತ್ತು ಹಾಕಿದ್ರು: ಕೆರೆಗೆ ನಮ್ಮ ಹೆಸರು ಇರ್ಬೇಕು. ಶಾಂತವ್ವ ಒಪ್ಪಿದಳು.

ಇದು ಶಾಸನ ಅಲ್ಲ, ಐತಿಹ್ಯ. ಆದ್ರೆ ಐತಿಹ್ಯವನ್ನ ಜನ ನೂರಾರು ವರ್ಷ ಯಾಕೆ ನೆನಪಿಟ್ಕೊಳ್ತಾರೆ ಅಂತ ಯೋಚಿಸಿ. ಕಾಮರ್ಸ್ ಓದೋರಿಗೆ ಥಟ್ ಅಂತ ಹೊಳೆಯುತ್ತೆ, ಇದರಲ್ಲಿ ಪ್ರಸ್ತಾಪ ಇದೆ, ಒಪ್ಪಿಗೆ ಇದೆ, ಪ್ರತಿಫಲ ಇದೆ. 1872ರ ಕರಾರು ಕಾಯ್ದೆ ಕೇಳೋದೂ ಇದನ್ನೇ ತಾನೇ? ಸಮಾಜ ಹೊರಗಿಟ್ಟಿದ್ದ ಹೆಂಗಸರು ದುಡ್ಡು ಕೇಳ್ಲಿಲ್ಲ, ದಾಖಲೆ ಕೇಳಿದ್ರು. ಈ ನೀರಿನಲ್ಲಿ ನಮ್ಮ ಪಾಲಿದೆ ಅನ್ನೋ ದಾಖಲೆ.

ಇವತ್ತಿಗೂ ಆ ಕೆರೆಯಿಂದ ಚಿತ್ರದುರ್ಗದ ಕಡೆಗೆ ಕುಡಿಯೋ ನೀರು ಹೋಗುತ್ತೆ. ನಾವು ಮಾತ್ರ ಮರ್ಯಾದೆಗೆ ಅಂಜಿ, ಅವರು ಕೇಳಿದ್ದ ಒಂದೇ ಒಂದು ಪ್ರತಿಫಲವನ್ನ ಬೋರ್ಡಿಂದ ಅಳಿಸ್ತಾ ಇದ್ದೀವಿ.

ಭಾಗ 3/10: ಕಿರಿಸೊಸೆ

ಈಗ ಇನ್ನೊಂದು ಕೆರೆ. 'ಕೆರೆಗೆ ಹಾರ' ಅನ್ನೋ ಜನಪದ ಕಥನಗೀತೆ ನೀವು ಪಾಠದಲ್ಲೋ ನಾಟಕದಲ್ಲೋ ಕೇಳಿರ್ತೀರಿ. ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ಹನಿ ನೀರು ಬರಲ್ಲ. ಶಾಸ್ತ್ರ ಕೇಳಿದಾಗ ಮನೆಯ ಸೊಸೆಯನ್ನ ಬಲಿ ಕೊಡ್ಬೇಕು ಅಂತ ಬರುತ್ತೆ. ಕಿರಿಸೊಸೆ ಭಾಗೀರಥಿಯ ಮೇಲೆ ಬೀಳುತ್ತೆ. ಅವಳ ಗಂಡ ಮಾದೇವರಾಯ ದಂಡಿನಲ್ಲಿ, ದೂರ. ಅವಳು ತವರಿಗೆ ಹೋಗಿ ಬರ್ತಾಳೆ, ಅಲ್ಲೂ ಯಾರೂ ಅವಳನ್ನ ಉಳಿಸ್ಕೊಳ್ಳಲ್ಲ. ಕೊನೆಗೆ ಕೆರೆ ತುಂಬುತ್ತೆ, ಅವಳು ಮುಳುಗ್ತಾಳೆ. ವಾಪಸ್ ಬಂದ ಗಂಡನೂ ಅದೇ ಕೆರೆಗೆ ಹಾರ್ತಾನೆ.

ನಾವು ಇದನ್ನ ತ್ಯಾಗದ ಕಥೆ ಅಂತ ಓದ್ಕೊಂಡು ಬಂದ್ವಿ. ಈ ಸಲ ಬೇರೆ ಪ್ರಶ್ನೆ ಇಟ್ಕೊಂಡು ಓದಿ. ಕೆರೆ ಎಲ್ಲಿ ಕಟ್ಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ಶಾಸ್ತ್ರ ಕೇಳಿದ್ದು ಯಾರು? ಯಾವ ಸೊಸೆ ಅಂತ ಲೆಕ್ಕ ಹಾಕಿದ್ದು ಯಾರು? ಆ ಮಾತುಕತೆ ನಡೆದಾಗ ಭಾಗೀರಥಿ ಎಲ್ಲಿದ್ದಳು? ಬೆಲೆ ಕಟ್ಟೋ ಹೊತ್ತಿಗೆ ಮಾತ್ರ ಅವಳ ಹೆಸರು ಬರುತ್ತೆ.

ನಮ್ಮ ನಾಡಿನ ಶಾಸನಗಳಲ್ಲೂ ಹೆಂಗಸರು ಸಿಗ್ತಾರೆ. ಕೆರೆ ಕಟ್ಟಿಸಿದ ರಾಣಿಯರು, ಕೆರೆಗೆ ಭೂಮಿ ದಾನ ಕೊಟ್ಟ ಹೆಂಗಸರು. ಬಿ.ಎಲ್. ರೈಸ್ ಅವರ ಕಾಲದಲ್ಲಿ ಶುರುವಾದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನ ತಿರುವಿ ಹಾಕಿದ್ರೆ ಕಾಣ್ತಾರೆ. ಅಂದ್ರೆ ಹಳೇ ದಾಖಲೆಗಳಲ್ಲಿ ಹೆಣ್ಣಿಗೆ ಎರಡು ಜಾಗ ಇತ್ತು. ಒಂದು ದಾನಿ, ಇನ್ನೊಂದು ಬಲಿ. ದಿನಾ ನೀರು ಹೊರೋ ಹೆಂಗಸಿನ ಹೆಸರನ್ನ ಮಾತ್ರ ಯಾರೂ ಕಲ್ಲಲ್ಲಿ ಕೆತ್ತಲಿಲ್ಲ.

ಭಾಗ 4/10: ತೂಬು ಎತ್ತೋ ಕೈ

ಕೆರೆ ಕಟ್ಟಿದ ಮೇಲೆ ಅದನ್ನ ನಡೆಸೋರು ಯಾರು? ಇಲ್ಲಿ ನೀರುಗಂಟಿ ಬರ್ತಾನೆ. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡೋದು ಅವನ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು, ಬರ ಬಂದ್ರೆ ಯಾರಿಗೆ ಎಷ್ಟು ಕಡಿಮೆ, ಎಲ್ಲ ಅವನ ತಲೆಲಿ. ಸುಗ್ಗಿಲಿ ರೈತರು ಧಾನ್ಯ ಕೊಡ್ತಿದ್ರು, ಅದೇ ಅವನ ಸಂಬಳ. ಬಹಳ ಕಡೆ ಈ ಕೆಲಸ ದಲಿತ ಕುಟುಂಬಗಳಲ್ಲಿ ತಂದೆಯಿಂದ ಮಗನಿಗೆ ಬರ್ತಿತ್ತು.

ಅವನ ಕೈಯಲ್ಲಿ ಕೆಲಸ ಇತ್ತು, ಪೂರ್ತಿ ಅಧಿಕಾರ ಇರ್ಲಿಲ್ಲ. ಅದು ಜಮೀನಿದ್ದವರ ಹತ್ರ. ಆದ್ರೂ ಅವನಿಗೆ ಒಂದು ಹೆಸರಿತ್ತು, ಒಂದು ಕೂಲಿ ಇತ್ತು.

ಈಗ ಅದೇ ಕೆರೆಯಿಂದ, ಅದೇ ಊರಿನ ಬಾವಿಯಿಂದ, ತಲೆ ಮೇಲೆ ಸಿಂಬೆ ಇಟ್ಕೊಂಡು ನೀರು ತರೋ ಹೆಂಗಸನ್ನ ನೋಡಿ. ಅದಕ್ಕೊಂದು ಹುದ್ದೆಯ ಹೆಸರಿಲ್ಲ, ಕೂಲಿ ಇಲ್ಲ. 15 ಲೀಟರ್ ಕೊಡ ಅಂದ್ರೆ ನೀರೇ 15 ಕಿಲೊ, ಕೊಡದ ತೂಕ ಬೇರೆ. ಒಬ್ಬಾಕೆ ದಿನಕ್ಕೆ 2 ಗಂಟೆ ನೀರಿಗೆ ಕೊಟ್ಟಳು ಅಂತಿಟ್ಕೊಳ್ಳಿ. ವರ್ಷಕ್ಕೆ 730 ಗಂಟೆ. 8 ಗಂಟೆಯ ದಿನ ಅಂತ ಲೆಕ್ಕ ಹಾಕಿದ್ರೆ 91 ದಿನ. ವರ್ಷದಲ್ಲಿ ಮೂರು ತಿಂಗಳು ಫ್ರೀ ಡ್ಯೂಟಿ!

ಗಮ್ಮತ್ತು ಏನು ಗೊತ್ತಾ? ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕದ ಪದ್ಧತಿ, ಅಂದ್ರೆ ಜಿಡಿಪಿ ಲೆಕ್ಕ ಹಾಕೋಕೆ ಬಳಸೋ ನಿಯಮ, ಮನೆಯ ಅಡುಗೆಯನ್ನ ಉತ್ಪಾದನೆ ಅಂತ ಎಣಿಸಲ್ಲ. ಆದ್ರೆ ಮನೆಗೆ ನೀರು ಹೊತ್ತು ತರೋದನ್ನ ತತ್ವದಲ್ಲಿ ಉತ್ಪಾದನೆ ಅಂತ್ಲೇ ಒಪ್ಪುತ್ತೆ. ನಿಯಮದಲ್ಲಿ ಜಾಗ ಇದೆ, ಬಿಲ್ ಇಲ್ಲ. ಅದೇ ನೀರನ್ನ ಟ್ಯಾಂಕರ್‌ನವರು ತಂದ್ರೆ ಬಿಲ್ ಇರುತ್ತೆ, ವ್ಯವಹಾರ ಆಗುತ್ತೆ.

ಭಾಗ 5/10: ಮುಟ್ಟಬಾರದ ನೀರು

ಹೆಂಗಸರು ಅಂತ ಒಟ್ಟಿಗೆ ಹೇಳ್ಬಿಟ್ರೆ ಅರ್ಧ ಸತ್ಯ ಮುಚ್ಚಿಹೋಗುತ್ತೆ. ಮೇಲ್ಜಾತಿ ಹೆಂಗಸು ಬಾವಿಗೆ ಕೊಡ ಇಳಿಸ್ತಿದ್ದಳು. ದಲಿತ ಹೆಂಗಸು ಬಾವಿ ಕಟ್ಟೆಯಿಂದ ದೂರ ಕೊಡ ಇಟ್ಕೊಂಡು, ಯಾರಾದ್ರೂ ಮೇಲಿಂದ ನೀರು ಹುಯ್ಯಲಿ ಅಂತ ಕಾಯ್ತಿದ್ದಳು. ಕಾಯೋ ಸಮಯ ಎಷ್ಟು ಅನ್ನೋದು ನೀರು ಎಷ್ಟಿದೆ ಅನ್ನೋದರ ಮೇಲೆ ಇರ್ಲಿಲ್ಲ, ಹುಯ್ಯೋರ ಮನಸ್ಸಿನ ಮೇಲಿತ್ತು.

1923ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಒಂದು ನಿರ್ಣಯ ತಂದ್ರು. ಸರ್ಕಾರದ ಹಣದಲ್ಲಿ ಕಟ್ಟಿದ, ಸಾರ್ವಜನಿಕ ಸಂಸ್ಥೆಗಳು ನೋಡ್ಕೊಳ್ಳೋ ಬಾವಿ, ಕೆರೆ, ಛತ್ರ, ಶಾಲೆಗಳನ್ನ ಅಸ್ಪೃಶ್ಯರೂ ಬಳಸಬಹುದು ಅಂತ. ಇದು ದೂರದ ಮಾತಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಆಗ ಬಾಂಬೆ ಪ್ರಾಂತ್ಯದಲ್ಲೇ ಇದ್ವು.

ಕಾಗದದ ಮೇಲೆ ನೀರು ಸಿಕ್ತು. ಬಾಯಿಗೆ ಸಿಗ್ಲಿಲ್ಲ. ಕೊಂಕಣದ ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆಯನ್ನ ಎಲ್ಲರಿಗೂ ತೆರೆದಿದ್ದೀವಿ ಅಂತ ಹೇಳಿತ್ತು. ಆದ್ರೂ 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡ್ಕೊಂಡು ಹೋಗಿ ಒಂದು ಬೊಗಸೆ ನೀರು ಕುಡೀಬೇಕಾಯ್ತು. ಅದಕ್ಕೆ ಹೊಡೆತ ಬಿತ್ತು, ಆಮೇಲೆ ಕೆರೆಯನ್ನ 'ಶುದ್ಧಿ' ಮಾಡಿದ್ರು. ಅದೇ ವರ್ಷ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಮತ್ತೆ ಸೇರಿದಾಗ ಅಂಬೇಡ್ಕರ್ ಅಲ್ಲಿ ಬಂದಿದ್ದ ಹೆಂಗಸರನ್ನ ಉದ್ದೇಶಿಸಿ ಬೇರೆಯಾಗೇ ಮಾತಾಡಿದ್ರು.

ಇಲ್ಲಿಂದ ಒಂದು ಪಾಠ ಎತ್ತಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ನಿರ್ಣಯ ಪಾಸ್ ಆದ ದಿನ ಬೇರೆ, ನೀರು ಕೈಗೆ ಸಿಕ್ಕ ದಿನ ಬೇರೆ.

ಭಾಗ 6/10: ನೀರ್ ಸಾಬ್

ಈಗ ನಮ್ಮ ಅಮ್ಮಂದಿರ ಕಾಲಕ್ಕೆ ಬರೋಣ. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿದ್ದು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರಿಗೆ. ಬರದ ವರ್ಷಗಳು ಅವು. ಹಳ್ಳಿಹಳ್ಳಿಗೂ ಬೋರ್‌ವೆಲ್ ಕೊರೆಸಿದ್ರು, ಕೈಪಂಪು ಹಾಕಿಸಿದ್ರು. ಜನ ಅವರನ್ನ ಪ್ರೀತಿಯಿಂದ ಕರೆದ ಹೆಸರು 'ನೀರ್ ಸಾಬ್'. ನಿಮ್ಮ ಊರಲ್ಲಿ ಹಳಬರನ್ನ ಕೇಳಿ, ಈ ಹೆಸರು ಇನ್ನೂ ನೆನಪಿರುತ್ತೆ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಅವರದ್ದೇ ಹೆಸರಿದೆ.

ಕೈಪಂಪಿಗೆ ನಮ್ಮ ಕಡೆ ಹೇಳೋದು 'ಬೋರಿಂಗ್'. ಬೋರಿಂಗ್ ಬಂದ್ಮೇಲೆ ಹೆಂಗಸರ ನಡಿಗೆ ಕಡಿಮೆ ಆಯ್ತು, ಇದು ನಿಜ. ಇಳಿಯೋ ಬಾವಿ ತಪ್ಪಿತು. ಬೇಸಿಗೆಲಿ ಬಾವಿ ತಳದಲ್ಲಿ ಬಟ್ಟಲಿಂದ ನೀರು ಬಳ್ಕೊಳ್ಳೋದು ತಪ್ಪಿತು. ನಜೀರ್ ಸಾಬ್ 1988ರಲ್ಲಿ ತೀರಿಕೊಂಡಾಗ ಹಳ್ಳಿಗಳು ಅತ್ತಿದ್ದು ಸುಮ್ಮನೆ ಅಲ್ಲ.

ಆದ್ರೆ ಬೋರಿಂಗ್ ಕೆಟ್ಟರೆ? ರಿಪೇರಿ ಮಾಡೋರು ತಾಲ್ಲೂಕಿಂದ ಬರ್ಬೇಕು. ಅವರು ಗಂಡಸರು, ಅವರ ಹತ್ರ ಸ್ಪ್ಯಾನರ್. ಅರ್ಜಿ ಬರೆಯೋರೂ ಗಂಡಸರು. ಮೆಕ್ಯಾನಿಕ್ ಬರೋವರೆಗೆ ಹೆಂಗಸರು ಮತ್ತೆ ಹಳೇ ಬಾವಿಗೆ. ನೀರು ಹತ್ತಿರ ಬಂದಿತ್ತು, ಹಿಡಿತ ಇನ್ನೂ ತಾಲ್ಲೂಕಲ್ಲೇ ಇತ್ತು.

ಭಾಗ 7/10: ನೂರಕ್ಕೆ 25, 33, 50

ನಜೀರ್ ಸಾಬ್ ಅವರ ಖಾತೆಯಿಂದ ಇನ್ನೊಂದು ದೊಡ್ಡ ಬದಲಾವಣೆ ಬಂತು. 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯ್ದೆ. ಅದರಲ್ಲಿ ಹೆಂಗಸರಿಗೆ ನೂರಕ್ಕೆ 25 ಸೀಟು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸುಮಾರು 14 ಸಾವಿರ ಹೆಂಗಸರು ಒಂದೇ ಸಲ ಆಯ್ಕೆಯಾದ್ರು. ದೇಶಕ್ಕೆಲ್ಲ 73ನೇ ತಿದ್ದುಪಡಿ ಬಂದು ಮೂರನೇ ಒಂದು ಪಾಲು ಸೀಟು ಕಡ್ಡಾಯ ಆಗಿದ್ದು 1993ರಲ್ಲಿ. ನಾವು ಅದಕ್ಕಿಂತ ಆರು ವರ್ಷ ಮುಂದೆ ಇದ್ವಿ! 2010ರಲ್ಲಿ ಕರ್ನಾಟಕ ಅದನ್ನ ನೂರಕ್ಕೆ 50 ಮಾಡಿತು.

ಒಂದೇ ಮಂತ್ರಿ, ಒಂದೇ ಖಾತೆ. ಒಂದು ಕೈಯಿಂದ ಬೋರ್‌ವೆಲ್, ಇನ್ನೊಂದು ಕೈಯಿಂದ ಸೀಟು. ನನಗೆ ಇದು ನಮ್ಮ ಚರಿತ್ರೆಯ ತುಂಬಾ ಮುಖ್ಯವಾದ ಜಾಗ ಅನ್ಸುತ್ತೆ. ಯಾಕಂದ್ರೆ ಪಂಚಾಯಿತಿಯ ಹೆಣ್ಣು ಸದಸ್ಯೆ ಮುಂದೆ ಬರೋ ಮೊದಲ ದೂರು ಯಾವಾಗ್ಲೂ ನೀರಿನದ್ದೇ. ಓಟು ಹಾಕಿದವರು ಬೆಳಗ್ಗೆ ಕೊಡ ಹಿಡ್ಕೊಂಡೇ ಮನೆ ಮುಂದೆ ಬರ್ತಾರೆ.

ಆದ್ರೆ ಸೀಟಿನ ಜೊತೆಗೆ ಇನ್ನೊಂದು ಪದವೂ ಹುಟ್ಟಿತು, ನಿಮಗೂ ಗೊತ್ತು. 'ಮೆಂಬರ್ ಗಂಡ'. ಸಭೆಗೆ ಹೋಗೋರು ಅವರು, ಫೋನ್ ಎತ್ತೋರು ಅವರು, ಫ್ಲೆಕ್ಸಿನಲ್ಲಿ ಫೋಟೊ ಅವರದ್ದು. ಹೆಂಡತಿ ಹೆಸರು ಕೆಳಗೆ ಸಣ್ಣಗೆ. ಎಲ್ಲ ಕಡೆ ಹೀಗೇ ಅಂತ ನಾನು ಹೇಳ್ತಿಲ್ಲ. ಗಂಡನನ್ನ ಮನೆಲಿ ಕೂರಿಸಿ ತಾವೇ ಸಭೆ ನಡೆಸೋ ಅಧ್ಯಕ್ಷೆಯರು ನಮ್ಮ ಸುತ್ತಲೇ ಇದ್ದಾರೆ. ಸೀಟು ಇಲ್ಲದೆ ಅವರು ಬರ್ತಿರ್ಲಿಲ್ಲ. ಸೀಟು ಬಾಗಿಲು ತೆಗೆಯುತ್ತೆ, ಒಳಗೆ ಕೂತು ಮಾತಾಡೋದು ಆಮೇಲಿನ ಕೆಲಸ.

ಭಾಗ 8/10: ಸ್ಪ್ಯಾನರ್ ಹಿಡಿದವರು

1992ರ ಜನವರಿಯಲ್ಲಿ ಡಬ್ಲಿನ್ ನಗರದಲ್ಲಿ ನೀರಿನ ಬಗ್ಗೆ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೀತು. ಅಲ್ಲಿ ನಾಲ್ಕು ತತ್ವ ಹೇಳಿದ್ರು. ಮೂರನೆಯದು ನೀರನ್ನ ಒದಗಿಸೋದರಲ್ಲಿ, ನಿರ್ವಹಿಸೋದರಲ್ಲಿ, ಕಾಪಾಡೋದರಲ್ಲಿ ಹೆಂಗಸರದ್ದು ಮುಖ್ಯ ಪಾತ್ರ ಅನ್ನೋದು. ಆಮೇಲೆ ಎಲ್ಲ ದೇಶದ ನೀರಿನ ಯೋಜನೆಗಳಲ್ಲೂ ಈ ಮಾತು ಬರೋಕೆ ಶುರುವಾಯ್ತು.

ಹೆಚ್ಚುಕಮ್ಮಿ ಅದೇ ಹೊತ್ತಿಗೆ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಲ್ಲಿ, ಬುಂದೇಲ್‌ಖಂಡದ ಒಣ ನೆಲದಲ್ಲಿ, ಈ ಸಮ್ಮೇಳನದ ಸುದ್ದಿಯೇ ಮುಟ್ಟದ ಹೆಂಗಸರು ಸ್ಪ್ಯಾನರ್ ಹಿಡಿದಿದ್ರು. ಮಹಿಳಾ ಸಮಖ್ಯಾ ಅನ್ನೋ ಸರ್ಕಾರಿ ಕಾರ್ಯಕ್ರಮದಲ್ಲಿ ಅವರಿಗೆ ಕೈಪಂಪು ರಿಪೇರಿ ಕಲಿಸಿದ್ರು. ಬಹಳ ಜನಕ್ಕೆ ಓದು ಬರಹ ಇರ್ಲಿಲ್ಲ. ದಲಿತ, ಆದಿವಾಸಿ ಹೆಂಗಸರೇ ಹೆಚ್ಚು. ಅವರ ನೆರಳು ಬಿದ್ರೂ ಆಗಲ್ಲ ಅಂತಿದ್ದ ಕೇರಿಗಳಲ್ಲೂ ಪಂಪ್ ಕೆಟ್ಟಾಗ ಅವರನ್ನೇ ಕರೀಬೇಕಾಯ್ತು. ಐದನೇ ಭಾಗದ ಬಾವಿ ಕಟ್ಟೆ ನೆನಪಿದೆಯಾ? ಆ ಕಟ್ಟೆ ಹತ್ತಬಾರದಾಗಿದ್ದವರು ಈಗ ಪಂಪನ್ನೇ ಬಿಚ್ಚಿ ಜೋಡಿಸ್ತಿದ್ರು.

ಕೆಲಸದ ದಾಖಲೆ ಇಡ್ಬೇಕಲ್ಲ, ಅದಕ್ಕೆ ಓದು ಬೇಕಾಯ್ತು. ಅಕ್ಷರ ಕಲಿತ ಮೇಲೆ ಅಲ್ಲಿನ ಹೆಂಗಸರು 'ಮಹಿಳಾ ಡಾಕಿಯಾ' ಅನ್ನೋ ಪತ್ರಿಕೆ ಮಾಡಿದ್ರು. ಅದೇ ನೆಲದಿಂದ 2002ರಲ್ಲಿ ಹುಟ್ಟಿದ್ದು 'ಖಬರ್ ಲಹರಿಯಾ', ಹಳ್ಳಿ ಹೆಂಗಸರೇ ನಡೆಸೋ ಸುದ್ದಿಸಂಸ್ಥೆ. ಪಂಪಿನಿಂದ ಪತ್ರಿಕೆಗೆ!

ಮಹಿಳಾ ಸಮಖ್ಯಾ 1989ರಲ್ಲಿ ಶುರುವಾದ ಮೊದಲ ಮೂರು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಇಲ್ಲೂ ಹಳ್ಳಿಗಳಲ್ಲಿ ಹೆಂಗಸರ ಸಂಘಗಳು ಆ ಹೆಸರಲ್ಲೇ ಕಟ್ಟಿಕೊಂಡ್ವು.

ಭಾಗ 9/10: ಪಹಣಿಯಲ್ಲಿ ಹೆಸರಿಲ್ಲದವರು

ಕುಡಿಯೋ ನೀರಿನ ಕಥೆ ಹೀಗೆ. ಹೊಲದ ನೀರಿಗೆ ಬನ್ನಿ, ಅಲ್ಲಿ ಗೋಡೆ ಇನ್ನೂ ಎತ್ತರ.

2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ಬಂತು. ಕಾಲುವೆ ನೀರನ್ನ ರೈತರೇ ಹಂಚ್ಕೊಳ್ಳಲಿ ಅಂತ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ದಾರಿ ಮಾಡಿದ್ರು. ಒಳ್ಳೇದೇ. ಸದಸ್ಯರು ಯಾರು? ಅಚ್ಚುಕಟ್ಟಿನಲ್ಲಿ ಜಮೀನು ಇದ್ದವರು. ಜಮೀನು ಯಾರ ಹೆಸರಲ್ಲಿದೆ? 2015-16ರ ಕೃಷಿ ಗಣತಿ ಪ್ರಕಾರ ದೇಶದಲ್ಲಿ ಹೆಂಗಸರು ನಡೆಸೋ ಹಿಡುವಳಿ ನೂರಕ್ಕೆ ಸುಮಾರು 14 ಮಾತ್ರ. ನಾಟಿ ಮಾಡೋರು ಹೆಂಗಸರು, ಕಳೆ ಕೀಳೋರು ಹೆಂಗಸರು. ನೀರಿನ ಸಭೆಗೆ ಕರೆಯೋಕೆ ನೋಡೋದು ಮಾತ್ರ ಪಹಣಿ.

ಕಾನೂನು ನಿಧಾನಕ್ಕೆ ದಾರಿ ಬಿಟ್ಟಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಆದ್ರೂ ಪಾಲು ಕೇಳಿದ್ರೆ ತವರು ತಪ್ಪಿಹೋಗುತ್ತೆ ಅನ್ನೋ ಭಯ ಎಷ್ಟು ಮನೆಗಳಲ್ಲಿಲ್ಲ?

ನೀರು ಭೂಮಿಗೇ ಅಂಟಿಕೊಂಡಿರ್ಬೇಕಾ? ಬೇಕಿಲ್ಲ ಅಂತ ತೋರಿಸಿದ ಊರು ಪಕ್ಕದ ಮಹಾರಾಷ್ಟ್ರದಲ್ಲಿದೆ. ಪುಣೆ ಜಿಲ್ಲೆ ಪುರಂದರ ತಾಲ್ಲೂಕಿನ ನಾಯಗಾಂವ್. 1972ರ ಭೀಕರ ಬರ ನೋಡಿದ ವಿಲಾಸರಾವ್ ಸಾಳುಂಕೆ ಅಲ್ಲಿ 'ಪಾಣಿ ಪಂಚಾಯತ್' ಕಟ್ಟಿದ್ರು. ಅವರ ನಿಯಮ ಸರಳ. ನೀರಿನ ಪಾಲು ಎಕರೆ ಲೆಕ್ಕದಲ್ಲಿ ಅಲ್ಲ, ಮನೆಯಲ್ಲಿರೋ ತಲೆ ಲೆಕ್ಕದಲ್ಲಿ. ಭೂಮಿ ಇಲ್ಲದವರಿಗೂ ನೀರಿನ ಹಕ್ಕು. ನೀರು ಕುಡಿಯೋ ಕಬ್ಬು ಬೆಳೆಯೋ ಹಾಗಿಲ್ಲ. ಅದನ್ನ ಹೆಂಗಸರಿಗಾಗಿ ಅಂತ ಮಾಡಿದ್ದಲ್ಲ. ಆದ್ರೆ ತಲೆ ಎಣಿಸೋಕೆ ಶುರು ಮಾಡಿದ್ರೆ ಹೆಂಗಸಿನ ತಲೆಯೂ ಒಂದು ತಲೆ. ಎಕರೆ ಎಣಿಸ್ತಾ ಇರೋವರೆಗೆ ಆಕೆ ಲೆಕ್ಕಕ್ಕೇ ಬರಲ್ಲ.

ಭಾಗ 10/10: ರಿಜಿಸ್ಟರ್ ಮತ್ತೆ ಬಂತು

2019ರ ಆಗಸ್ಟ್ 15ಕ್ಕೆ ಜಲ ಜೀವನ್ ಮಿಷನ್ ಘೋಷಣೆ ಆಯ್ತು. ನಮ್ಮಲ್ಲಿ ಅದರ ಹೆಸರು 'ಮನೆ ಮನೆಗೆ ಗಂಗೆ'. ಆಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದ ಮನೆ 3.23 ಕೋಟಿ. ಈಗ 15 ಕೋಟಿ ದಾಟಿದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ಗುರಿ. ಇದು ಸಣ್ಣ ಸಾಧನೆ ಅಲ್ಲ. ಎಷ್ಟೋ ಕೊಡಗಳು ಅಟ್ಟ ಹತ್ತಿದ್ವು.

ಅದರ ಮಾರ್ಗಸೂಚಿಲಿ ಪ್ರತಿ ಊರಿಗೂ 10ರಿಂದ 15 ಜನರ ನೀರು ಮತ್ತು ನೈರ್ಮಲ್ಯ ಸಮಿತಿ ಇರ್ಬೇಕು, ಅದರಲ್ಲಿ ಅರ್ಧ ಹೆಂಗಸರು ಅಂತಿದೆ. ನೀರು ಪರೀಕ್ಷೆ ಕಿಟ್ ಬಳಸೋಕೆ ಊರಿಗೆ 5 ಹೆಂಗಸರಿಗೆ ತರಬೇತಿ ಅಂತಿದೆ. ಇಷ್ಟು ಸ್ಪಷ್ಟವಾಗಿ ಹೆಂಗಸರ ಹೆಸರು ನೀರಿನ ನಿಯಮದಲ್ಲಿ ಬರೋಕೆ ಎಷ್ಟು ಕಾಲ ಹಿಡೀತು ಅಂತ ನೋಡಿದ್ರಲ್ಲ. ಸೂಳೆಕೆರೆಯ ಹೆಂಗಸರು ಕೇಳಿದ್ದೂ ಇದನ್ನೇ, ದಾಖಲೆಲಿ ನಮ್ಮ ಹೆಸರು.

ಹೆಸರು ಬಂತು. ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿಯೂ ಬಿತ್ತು. ನಮ್ಮೂರಲ್ಲಿ ನೀರು ಬಿಡೋ ನೌಕರನಿಗೆ ಇವತ್ತಿಗೂ ನೀರುಗಂಟಿ ಅಂತ್ಲೇ ಕರೀತಾರೆ. ತೂಬು ಹೋಗಿ ವಾಲ್ವ್ ಬಂತು, ಹೆಸರು ಅದೇ. ವಾಲ್ವ್ ಯಾವ ಹೊತ್ತಿಗೆ ತಿರುಗುತ್ತೆ ಅನ್ನೋದನ್ನ ತೀರ್ಮಾನ ಮಾಡೋ ಮಾತುಕತೆ ಇನ್ನೂ ಹೋಟೆಲ್ ಕಟ್ಟೆ ಮೇಲೇ ನಡೆಯುತ್ತೆ.

ಈ ಎಲ್ಲ ಓದಿದ ಮೇಲೆ ಒಂದು ರಾತ್ರಿ ಅಮ್ಮನಿಗೆ ನಾನು ಅವತ್ತು ಮಾಡಿದ ತಪ್ಪು ಹೇಳಿದೆ. ಅಮ್ಮ ರೊಟ್ಟಿ ತಟ್ತಾ ಇದ್ರು, ಏನೂ ಅನ್ಲಿಲ್ಲ. ಎರಡು ತಿಂಗಳಾದ ಮೇಲೆ ಅದೇ ರಿಜಿಸ್ಟರ್ ಮತ್ತೆ ಬಂತು. ಅಮ್ಮ ಪೆನ್ನು ತಗೊಳ್ಳಲಿಲ್ಲ. "ಪುಸ್ತಕ ಇಲ್ಲೇ ಇರ್ಲಿ ಬಿಡ್ರಿ, ಮಗಳ ಕೈಲಿ ಓದಿಸ್ಕೊಂಡು ನಾಳೆ ಕೊಡ್ತೀನಿ" ಅಂದ್ರು. ಬಂದವರ ಮುಖ ಸ್ವಲ್ಪ ಸಣ್ಣಗಾಯ್ತು. "ಅದೇನು ಓದೋದು ಅಕ್ಕಾ, ಬರೇ ಫಾರ್ಮಾಲಿಟಿ" ಅಂದ್ರು. ಆದ್ರೂ ಬಿಟ್ಟು ಹೋದ್ರು.

ಓದಿದ್ವಿ. ನಡೆಯದ ಸಭೆ ನಡೆದಿತ್ತು. ಎಲ್ಲ ತೀರ್ಮಾನ ಸರ್ವಾನುಮತದ್ದು. ಅಮ್ಮ ಪೂರ್ತಿ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳಿದ್ರು: "ನಮ್ಮ ಕೇರಿಗೆ ಬೆಳಗಿನ ಜಾವ ನಾಲ್ಕಕ್ಕೆ ನೀರು ಬಿಡ್ತಾರಲ್ಲ, ಅದು ಇದರಲ್ಲಿ ಎಲ್ಲೈತಿ?"

ಎಲ್ಲೂ ಇರ್ಲಿಲ್ಲ. ಮರುದಿನ ಅಮ್ಮ ಸಹಿ ಹಾಕದೆ ಪುಸ್ತಕ ವಾಪಸ್ ಕೊಟ್ರು, ಮುಂದಿನ ಸಭೆ ಯಾವತ್ತು ಅಂತ ಕೇಳಿದ್ರು. ದಿನ ಇನ್ನೂ ಹೇಳಿಲ್ಲ. ನೀರು ಇವತ್ತೂ ನಾಲ್ಕಕ್ಕೇ ಬಂತು. ಅಮ್ಮ ಎದ್ದು ಹಿಡಿದ್ರು, ನಾನೂ ಎದ್ದೆ, ಅಪ್ಪನನ್ನೂ ಎಬ್ಬಿಸಿದೆ.

ನಿಮಗೆ ನನ್ನದೊಂದು ಕೇಳಿಕೆ. ಈ ಸರಣಿಗೆ ಲೈಕ್ ಕೊಡೋ ಮುಂಚೆ ಮನೆಗೆ ಫೋನ್ ಮಾಡಿ. ನಿಮ್ಮೂರಿನ ನೀರಿನ ಸಮಿತಿಲಿ ಯಾವ ಹೆಂಗಸರ ಹೆಸರಿದೆ, ಅವರಿಗೆ ಅದು ಗೊತ್ತಿದೆಯಾ ಅಂತ ಕೇಳಿ. ರಜಕ್ಕೆ ಊರಿಗೆ ಹೋದಾಗ ಗ್ರಾಮಸಭೆ ಇದ್ರೆ ಅಮ್ಮನ ಜೊತೆ ಹೋಗಿ ಕೂತ್ಕೊಳ್ಳಿ. ಯಾರಾದ್ರೂ ರಿಜಿಸ್ಟರ್ ಹಿಡ್ಕೊಂಡು ಬಾಗಿಲಿಗೆ ಬಂದ್ರೆ, ಸಹಿ ಎಲ್ಲಿ ಅಂತ ತೋರಿಸ್ಬೇಡಿ. ಏನು ಬರೆದಿದೆ ಅಂತ ಓದಿ ಹೇಳಿ.

ನಿಮ್ಮೂರಿನ ಉತ್ತರ ಕಾಮೆಂಟಲ್ಲಿ ಬರೀರಿ. ಊರ ಹೆಸರು ಬೇಡ, ನೀರು ಬರೋ ಹೊತ್ತು ಸಾಕು.

#ನೀರಿನಚರಿತ್ರೆ #ಕೊಡಮತ್ತುಕೀಲಿ #ಅಮ್ಮನಸಹಿ